ಬಿತ್ತನೆಯ ಅರಿಶಿನ

ಬೆಳಿಗ್ಗೆ ಸೊಸೆ ಅಡುಗೆಮನೆಯಲ್ಲಿ ಹಸಿ ಅರಿಶಿನ ಹೆಚ್ಚುತ್ತಿದ್ದಳು. ಆ ಮಣ್ಣುಮಣ್ಣಾದ ಘಮ ಮೂಗಿಗೆ ಬಡಿದದ್ದೇ ಪೇಪರು ತೊಡೆಯ ಮೇಲೇ ಉಳಿಯಿತು.

ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದು ಐವತ್ತರ ದಶಕದಲ್ಲಿ. ಯಾವ ವರ್ಷವೆಂದು ನನ್ನ ನೆನಪನ್ನು ಕೇಳಬೇಡಿ. ಅದು ದಿನಕ್ಕೊಂದು ಹೇಳುತ್ತದೆ. ವಿಷಯ ಮಾತ್ರ ಖಚಿತ: ಹಸಿ ಅರಿಶಿನದ ಎಣ್ಣೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಹಳ್ಳಿಯವನು ನಾನು, ಬೇಕಾದಷ್ಟು ಗೆಡ್ಡೆ ತರಿಸುತ್ತೇನೆಂದು ಜಂಬ ಕೊಚ್ಚಿ ಸೀಟು ಗಿಟ್ಟಿಸಿದ್ದೆ. ಬೇಸಿಗೆ ಮುಗಿಯುವುದರೊಳಗೆ ಕೆಲಸ ಶುರುವಾಗದಿದ್ದರೆ ಜಾಗ ಬೇರೆಯವರಿಗೆ ಎಂದಿದ್ದರು ನಮ್ಮ ಮೇಷ್ಟ್ರು. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಊರಿಗೆ ಬರೆದೆ. ಮೂಟೆ ಬಂತು. ಬಿಚ್ಚಿದರೆ ಬೇಯಿಸಿ, ಒಣಗಿಸಿ, ಥಳಥಳ ಉಜ್ಜಿದ ಕೊಂಬು, ಬೀಗರ ಮನೆಗೆ ಕಳಿಸುವಂಥದು. ಮೇಷ್ಟ್ರು ಒಂದನ್ನು ಎತ್ತಿ ನೋಡಿ, "ಮದುವೆ ಯಾರದು?" ಎಂದರು.

ಊರಿಗೆ ಓಡಿದೆ. ಅಪ್ಪನಿಗೆ ತಪ್ಪೇನೆಂದೇ ತಿಳಿಯಲಿಲ್ಲ. "ಮೇಷ್ಟ್ರಿಗೆ ಮಣ್ಣು ಮೆತ್ಕಂಡಿರೋ ಹಸಿ ಗೆಡ್ಡೆ ಕಳ್ಸಕಾದದಾ? ಮರ್ವಾದೆ ಬ್ಯಾಡ್ವೇನ್ಲಾ?"

ಅಷ್ಟರಲ್ಲಿ ಊರಿನ ಅರಿಶಿನವೆಲ್ಲ ಕೊಪ್ಪರಿಗೆಯಲ್ಲಿ ಬೆಂದಾಗಿತ್ತು. ಹಸಿಯಾಗಿ ಉಳಿದದ್ದು ಹಿತ್ತಿಲ ಗುಂಡಿಯಲ್ಲಿ ಎಲೆ ಹೊದಿಸಿಟ್ಟ ಬಿತ್ತನೆಯ ಗೆಡ್ಡೆ ಮಾತ್ರ. ನೆಡುವ ಮುಂಚೆ ಅದನ್ನು ಮನೆಯಾಚೆ ಕೊಡುವ ಪದ್ಧತಿಯಿಲ್ಲ. ಅಪ್ಪ ಸೂರು ನೋಡುತ್ತ ಕೂತ. ಅವ್ವ ಎದ್ದುಹೋಗಿ ಗುಂಡಿ ಕೆದಕಿ ಕುಕ್ಕೆ ತುಂಬಿದಳು.

"ಮನೆ ಮಗ ಬಿತ್ತಾಕೆ ತಕ್ಕಂಡೋದ್ರೆ ಆಚೆ ಕೊಟ್ಟಂಗಾಯ್ತದಾ? ಚೆಂದಾಗಿ ಬಿತ್ತು, ಮಗ."

ಬಿತ್ತುವುದಕ್ಕಲ್ಲ, ಅರೆದು ಎಣ್ಣೆ ತೆಗೆಯುವುದಕ್ಕೆ ಎಂದು ಹೇಳಿದೆನೋ ಇಲ್ಲವೋ. ನನ್ನ ಆಗಿನ ಡೈರಿಯಲ್ಲಿ 'ಅರಿಶಿನ ಸಿಕ್ಕಿತು' ಎಂದಷ್ಟೇ ಇದೆ. ಅವ್ವನ ಮಾತನ್ನು ತಮಾಷೆಗೆಂದು ಮೇಷ್ಟ್ರ ಮುಂದೆ ಹೇಳಿದ್ದೆ. ಅವರು ಮುಖ ಎತ್ತಲಿಲ್ಲ.

ಕೆಲಸ ಶುರುವಾಯಿತು, ಜಾಗ ಉಳಿಯಿತು. ಮಳೆಗಾಲದಲ್ಲಿ ಅಪ್ಪ ಬೆಳೆ ನೋಡಲು ಬಂದೇಬಿಟ್ಟ! ಗಾಜಿನ ಕೊಳವೆಯ ತಳದ ಹಳದಿ ಹನಿಯನ್ನು ತೋರಿಸಿದೆ. ಮೂಸಿ, ವಾಸನೆ ನಮ್ಮದೇ ಎಂದು ಒಪ್ಪಿದ. ಆಮೇಲೆ ಸುತ್ತ ನೋಡಿ ಕೇಳಿದ, "ಒಲ ಎಲ್ಲದೆ?"

ನಾನು ಕೊಳವೆ ಒರೆಸತೊಡಗಿದೆ. ಮೇಷ್ಟ್ರು ಎದ್ದು, "ಬನ್ನಿ ಯಜಮಾನರೇ" ಎಂದು ಲ್ಯಾಬಿನ ಹಿಂದಿನ ನಲ್ಲಿಯ ಬಳಿಗೆ ಕರೆದೊಯ್ದರು. ನೀರು ಹರಿದುಹೋಗುವಲ್ಲಿ ಮೊಣಕಾಲೆತ್ತರದ ಒಂದು ಸಾಲು ಅರಿಶಿನ. ಅವ್ವನ ಕುಕ್ಕೆಯಿಂದ ಅವರು ಯಾವಾಗ ತೆಗೆದು ನೆಟ್ಟಿದ್ದರೋ!

ಅಪ್ಪ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತ. "ವಸಿ ದೂರ ದೂರ ನೆಡ್ಬೇಕಿತ್ತು ಸ್ವಾಮಿ," ಎನ್ನುತ್ತ ಕಳೆ ಕೀಳತೊಡಗಿದ. ಮೇಷ್ಟ್ರೂ ಪಕ್ಕದಲ್ಲಿ ಕೂತು ಕಿತ್ತರು. ನಗುತ್ತಿದ್ದರು. ಇದಕ್ಕೆ ಡೈರಿ ಬೇಕಿಲ್ಲ.

ಪೇಪರು ಮಡಚಿಟ್ಟು, ನೆಡುತ್ತೇನೆಂದು ಹೇಳಿ ಸೊಸೆಯ ಮುಂದಿದ್ದ ಎರಡು ಗೆಡ್ಡೆ ಎತ್ತಿಕೊಂಡೆ. "ಬಾಲ್ಕನಿ ಕುಂಡದಲ್ಲಿ ಬರುತ್ತಾ ಮಾವ?" ಎಂದಳು. ಗೊತ್ತಿಲ್ಲ ಎಂದೆ. ಆದರೂ ಎರಡನ್ನೂ ದೂರ ದೂರ ನೆಟ್ಟೆ.