ಗೆದ್ದೋರು ಎದ್ದು ಆ ಕಡೆ ಕೂರ್ಬೇಕು

“ಇದು ಆಗೋ ಮಾತಲ್ಲ ಬುಡಮ್ಮಿ” ಎಂದು ಮೊದಲು ಹೇಳಿದವನು ನಮ್ಮ ನಾರಾಯಣ ಮಾವ, ಅಮ್ಮನ ಅಣ್ಣ. ನಾನು ಹೊಸೂರಿನ ಕಾಲೇಜಿಗೆ ಬಿಸಿಎ ಸೇರಿದ ದಿನ, ಬಲಗೈಯ ಮೂರೇ ಬೆರಳಲ್ಲಿ ಹುಣಸೆಬೀಜವೊಂದನ್ನು ಎತ್ತಿ ಕಲ್ಲಿನ ಮೇಲಿಡುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದ. ಉಳಿದೆರಡು ಬೆರಳನ್ನು ಕಾರ್ಖಾನೆಯ ಪ್ರೆಸ್ ಮೆಷೀನು ತಿಂದಿತ್ತು. ಆ ಮಾತನ್ನು ನಾಲ್ಕು ವರ್ಷ ಕಿವಿಯಲ್ಲಿ ಇಟ್ಟುಕೊಂಡು ಓದಿದೆ. ಮೂರು ವರ್ಷದ ಓದಿಗೆ ನಾಲ್ಕು ವರ್ಷ, ಯಾಕೆಂದರೆ ನಡುವೆ ಎರಡು ಪೇಪರು ಫೇಲಾಗಿ ಅರಿಯರ್ ಬಿದ್ದವು. ನಮ್ಮ ವಂಶದಲ್ಲಿ ಹನ್ನೆರಡನೇ ಕ್ಲಾಸು ದಾಟಿದವಳು ನಾನೇ ಮೊದಲು. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವಲಪಲ್ಲಿಯಲ್ಲಿ ಮಾವನ ಮನೆ ನಮ್ಮ ಮನೆಗೆ ಎದುರು. ಬಾಗಿಲ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ತಾನೇ ಕೊರೆದಿದ್ದ. ಹುಲಿಗಳೆಂದರೆ ಫ್ಯಾಕ್ಟರಿಯಿಂದ ತಂದ ಮೂರು ನಟ್ಟು, ಕುರಿಗಳೆಂದರೆ ಹುಣಸೆಬೀಜ. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಎಲ್ಲ ಊರಲ್ಲೂ ಇರುವ ಆಟವೇ. ಆದರೆ ಮಾವನ ಕಲ್ಲಿಗೆ ಒಂದು ಕಾನೂನು ಹೆಚ್ಚು: ಒಂದಾಟ ಗೆದ್ದವರು ಎದ್ದು ಆ ಕಡೆ ಕೂರಬೇಕು. ಹುಲಿ ಹಿಡಿದು ಗೆದ್ದರೆ ಮುಂದಿನ ಸಲ ಕುರಿ.

“ಎರಡೂ ಕಡೆಯಿಂದ ಗೆದ್ರೆ ನೀನು ಆಟಗಾರ. ಒಂದೇ ಕಡೆಯಿಂದ ಗೆದ್ರೆ ಗೆದ್ದಿದ್ದು ಕಲ್ಲು ಕಣ್ಲಾ, ನೀನಲ್ಲ. ಏಳು!” ಎಂದು, ಗೆದ್ದು ಬೀಗುತ್ತಾ ಕೂತವರನ್ನು ಎಬ್ಬಿಸುತ್ತಿದ್ದ. ಅವನ ಜೊತೆ ಆಡಲು ಬರುವವರು ಬರಬರುತ್ತ ಕಡಿಮೆಯಾದದ್ದು ಇದಕ್ಕೇ ಇರಬೇಕು.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಒಂದು ಕಂಪ್ಯೂಟರ್ ಆಟ ಮಾಡುತ್ತಿದ್ದೆ. ಒಂದು ಕಡೆ ಕೋಟೆಯ ಹನ್ನೆರಡು ಕಾವಲುಗಾರರು, ಇನ್ನೊಂದು ಕಡೆ ಬೆಟ್ಟದಿಂದ ಇಳಿದ ನಾಲ್ಕು ರಾಕ್ಷಸರು, ಒಬ್ಬ ಮಾಟಗಾತಿ. ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು. ಆಟ ಓಡುತ್ತಿತ್ತು. ಆದರೆ ಗೈಡ್ ಮೇಡಂ, “ಎರಡು ಕಡೆಯೂ ಸಮವಾಗಿದೆಯಾ? ಆಡಿದವರು ಏನಂದರು, ಬರೆದು ತಾ. ಇಲ್ಲದಿದ್ದರೆ ಸೈನ್ ಹಾಕಲ್ಲ” ಎಂದುಬಿಟ್ಟರು. ಸೈನ್ ಇಲ್ಲವೆಂದರೆ ಇನ್ನೊಂದು ವರ್ಷ. ನಮ್ಮ ಮನೆಯಲ್ಲಿ ನನಗೆ ಇನ್ನೊಂದು ವರ್ಷ ಉಳಿದಿರಲಿಲ್ಲ. ಅಪ್ಪ ಆಗಲೇ ಜೂಜುವಾಡಿಯ ಒಂದು ಕಂಪನಿಯಲ್ಲಿ ನನಗೆ ಕಾಯಂ ಕೆಲಸ ಕೇಳಿ ಬಂದಿದ್ದ.

ಕಂಡಕಂಡವರನ್ನೆಲ್ಲ ಕೂರಿಸಿ ಆಡಿಸಿದೆ. ಕಾಲೇಜಿನವರು ‘ಸೂಪರ್’ ಎಂದು ಬರೆದುಕೊಟ್ಟು ಕ್ಯಾಂಟೀನಿಗೆ ಹೋದರು. ತಳಿ ಊರಿನಿಂದ ಬಂದಿದ್ದ ದೊಡ್ಡಪ್ಪನ ಮಗ ಸಾಲಾಗಿ ಐದಾಟ ಸೋತು, “ಚೆನ್ನಾಗೈತೆ ಅಕ್ಕಾ. ಓದಿರೋರು ಮಾಡಿದ್ರಾಗೆ ತಪ್ಪಿರ್ತದಾ? ನಂಗೇ ಆಡಕ್ಕೆ ಬರಲ್ಲ” ಎಂದ. ನಮ್ಮವರೆಲ್ಲ ಹೇಳಿದ್ದು ಇದನ್ನೇ. ಸೋತರೆ ತಪ್ಪು ತಮ್ಮದು ಎಂದುಕೊಂಡರು. ನೋಟ್‌ಬುಕ್ ತುಂಬ ಹೊಗಳಿಕೆ. ಅದನ್ನಿಟ್ಟುಕೊಂಡು ಆಟದ ಒಂದು ಅಂಕಿಯನ್ನೂ ತಿದ್ದುವ ಹಾಗಿರಲಿಲ್ಲ. ಬರೀ ಅಂದಾಜಿನ ಮೇಲೆ ರಾಕ್ಷಸರ ಬಲ ತಗ್ಗಿಸಿದೆ, ಕೋಟೆಯ ಗೋಡೆ ಗಟ್ಟಿ ಮಾಡಿದೆ. ಆದರೂ ನಾನೇ ಗೆಲ್ಲುತ್ತಿದ್ದೆ. ಆಟ ಮಾಡಿದವಳು ನಾನಲ್ಲವಾ, ಅದಕ್ಕೇ ಗೆಲ್ಲುತ್ತೇನೋ ಏನೋ ಎನ್ನಿಸುತ್ತಿತ್ತು. ಶನಿವಾರ ಭಾನುವಾರ ಪ್ಯಾಕಿಂಗ್ ಕೆಲಸ ಬೇರೆ. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ.

ಒಂದು ಭಾನುವಾರ ಸಂಜೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಮನೆಯಿಂದ ಉದ್ದದ ವೈರು ಎಳೆದುಕೊಂಡು ಮಾವನ ಚಪ್ಪಡಿಯ ಮೇಲಿಟ್ಟೆ. ಅವನನ್ನು ಕೇಳುವ ಮನಸ್ಸಿರಲಿಲ್ಲ. ಬೇರೆ ಯಾರೂ ಉಳಿದಿರಲಿಲ್ಲ.

“ಏನಮ್ಮಿ ಇದು?”

“ಹುಲಿ-ಕುರಿನೇ ಮಾವ. ಬಣ್ಣ ಬಳ್ದೈತೆ ಅಷ್ಟೆ.”

“ಗೆದ್ರೆ ಏನ್ ಕೊಡ್ತೀಯ?”

“ಏನೂ ಇಲ್ಲ. ಆಡ್ಬುಟ್ಟು ತಪ್ಪು ಹೇಳ್ಬೇಕು.”

“ಅದಾದ್ರೆ ನಂಗೆ ಬತ್ತದೆ.”

“ಅದೊಂದೇ ಬರೋದು!” ಎಂದು ಒಳಗಿನಿಂದ ಅವನ ಹೆಂಡತಿ ರತ್ನತ್ತೆಯ ದನಿ ಬಂತು.

ಯಾವ ಬಟನ್ ಏನೆಂದು ಹೇಳಿಕೊಟ್ಟೆ. ಮಾವ ತಾನೇ ರಾಕ್ಷಸರನ್ನು ಆರಿಸಿಕೊಂಡು ಗೆದ್ದ. ನಾನು ಹೇಳುವ ಮೊದಲೇ ಎದ್ದು ನನ್ನ ಜಾಗಕ್ಕೆ ಬಂದ. ಕೋಟೆ ಹಿಡಿದು ಸೋತ. ಆಗ ನನ್ನನ್ನು ಎಬ್ಬಿಸಿದ. ಹೀಗೆ ಎದ್ದು ಕೂತು ಆರಾಟ ಆಡಿದೆವು. ಯಾರು ಹಿಡಿದರೂ ಆರಕ್ಕೆ ಆರೂ ರಾಕ್ಷಸರೇ ಗೆದ್ದರು.

“ನೋಡ್ದಾ? ನಾನೂ ಗೆದ್ದಿಲ್ಲ, ನೀನೂ ಗೆದ್ದಿಲ್ಲ. ಕಲ್ಲು ಗೆದ್ದೈತೆ.”

ನನಗೆ ನನ್ನ ಮೇಲೇ ಸಿಟ್ಟು ಬಂತು. ಎರಡು ವಾರದಲ್ಲಿ ಒಬ್ಬರನ್ನೂ ಕಡೆ ಬದಲಿಸಿ ಆಡಿಸಿರಲಿಲ್ಲ. ಮನೆಗೆ ಬಂದವರ ಕೈಗೆ ರಾಕ್ಷಸರನ್ನು ಕೊಡುವುದು ಹೇಗೆಂದು, ಎಲ್ಲರಿಗೂ ಮರ್ಯಾದೆಯಿಂದ ಕೋಟೆ ಕೊಟ್ಟು, ರಾಕ್ಷಸರನ್ನು ನಾನಿಟ್ಟುಕೊಂಡಿದ್ದೆ. ಆ ಕಲ್ಲಿನ ಎದುರು ಬೆಳೆದವಳು ನಾನು!

“ಎಲ್ಲೈತೆ ಮಾವ ತಪ್ಪು?”

ಮೊಂಡು ಬೆರಳಲ್ಲಿ ಮಾಟಗಾತಿಯನ್ನು ತೋರಿಸಿದ. “ಈ ಹೆಂಗ್ಸು ಕಣ್ ಬಿಟ್ರೆ ನನ್ ಆಳು ಮೂರು ಸರದಿ ಕಲ್ಲಾಗ್ತಾನೆ. ಅಲ್ಲೀಗಂಟ ನಾನೇನ್ ಮಾಡ್ಲಿ?”

“ಕಾಯ್ಬೇಕು.”

“ಸೋಲ್ಸು, ಸಾಯ್ಸು, ಬ್ಯಾಡ ಅನ್ನಲ್ಲ. ಸುಮ್ನೆ ಕೂರ್ಸ್‌ಬ್ಯಾಡ.” ತೋರಿಸುತ್ತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. “ಬೆರಳು ಹೋದ್ಮೇಲೆ ನನ್ನ ಕೆಲಸದಿಂದ ತೆಗೀಲಿಲ್ಲ ಅವ್ರು. ಗೇಟ್ ತಾವ ಒಂದು ಸ್ಟೂಲ್ ಹಾಕಿ ಕೂರ್ಸಿದ್ರು. ಎಂಟು ತಿಂಗ್ಳು. ಹೋಗೋರು ಬರೋರು ನೋಡ್ಕೊಂಡು. ಬೆರಳು ಹೋದಾಗ ಅಳ್ಲಿಲ್ಲ ಕಣಮ್ಮಿ. ಸ್ಟೂಲ್ ಮ್ಯಾಲೆ ಅತ್ಬುಟ್ಟೆ.”

ಒಳಗೆ ರತ್ನತ್ತೆಯ ಪಾತ್ರೆಯ ಸದ್ದು ನಿಂತಿತು. ಈ ಮಾತನ್ನು ಅವಳೂ ಕೇಳಿರಲಿಲ್ಲವೇನೋ.

“ಕಾಲು ಬೇಕಾದ್ರೆ ಕಟ್ಟು,” ಎಂದ ಮಾವ. “ಕೈ ಬುಡು.”

ಹಾಗೇ ಮಾಡಿದೆ. ಮಾಟ ತಗುಲಿದ ಕಾವಲುಗಾರ ನಡೆಯಲಾರ, ಆದರೆ ಗುರಾಣಿ ಎತ್ತಬಲ್ಲ. ಅಷ್ಟೇ ಬದಲಾವಣೆ. ಮುಂದಿನ ವಾರವೆಲ್ಲ ಬಂದವರನ್ನು ಎಬ್ಬಿಸಿ ಕೂರಿಸಿ ಎರಡೂ ಕಡೆ ಆಡಿಸಿದೆ. ಒಮ್ಮೆ ಕೋಟೆ ಉಳಿಯಿತು, ಒಮ್ಮೆ ಬಿತ್ತು. ಮಾವ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದು ಕೊಟ್ಟೆ. ಮೇಡಂ ಎರಡು ಸಲ ಓದಿ ಸೈನ್ ಹಾಕಿದರು.

ಪಾಸಾದ ದಿನ ನೇರ ಅವನ ಮುಂದೆ ಹೋಗಿ ನಿಂತೆ. “ಆಗೋ ಮಾತಲ್ಲ ಅಂದಿದ್ಯಲ್ಲ ಮಾವ?”

“ಅಂದಿದ್ದೆ. ಸರ್ಟಿಫಿಕೇಟ್ ಎಲ್ಲೈತೆ?”

“ಬತ್ತದೆ, ಇನ್ನೊಂದಷ್ಟು ತಿಂಗ್ಳಿಗೆ.”

“ಬರ್ಲಿ. ನೋಡ್ಬುಟ್ಟು ಹೇಳ್ತೀನಿ” ಎಂದು ನಟ್ಟುಗಳನ್ನು ಜೋಡಿಸತೊಡಗಿದ.

ಅದು ಬರುವುದಕ್ಕೆ ವರ್ಷದ ಮೇಲಾಯಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದ ಮಾವ ಏಳಲಿಲ್ಲ.

ಕಾಲೇಜಿನಲ್ಲಿ ಸರ್ಟಿಫಿಕೇಟ್ ಕೈಗೆ ಬಂದ ದಿನ, ಮನೆಗೂ ಹೋಗದೆ ಎದುರು ಮನೆಗೆ ಹೋದೆ. ಚಪ್ಪಡಿಯ ಮೇಲೆ ಅಕ್ಕಿ ಆರಿಸುತ್ತಿದ್ದ ರತ್ನತ್ತೆ ಮೊರ ಪಕ್ಕಕ್ಕಿಟ್ಟಳು.

“ನಿಮ್ಮಾವ ಇದ್ದಿದ್ರೆ ಇದ್ರಾಗೂ ಒಂದು ತಪ್ಪು ತೆಗೀತಿದ್ರು. ಕೊಡು, ನಾನೇ ನೋಡ್ತೀನಿ.”

ಅತ್ತೆಗೆ ಯಾವ ಅಕ್ಷರವೂ ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಎರಡೂ ಕೈಯಲ್ಲಿ ಬೆಳಕಿಗೆ ಹಿಡಿದು, ಮೇಲಿನ ಸಾಲಿನಿಂದ ಕೆಳಗಿನ ಮೊಹರಿನವರೆಗೆ ನಿಧಾನವಾಗಿ ಕಣ್ಣಾಡಿಸಿದಳು.

“ಎಲ್ಲ ಸರಿಯಾಗೈತೆ ಬುಡಮ್ಮಿ” ಎಂದಳು.