ದೊಡ್ಡವ್ವನ ದವಡೆಯ ಹಗೇವು

ನಮ್ಮ ಮನೆಯಲ್ಲಿ ಊಟ ಶುರುವಾದದ್ದು ಖಡಕ್ ರೊಟ್ಟಿ ಮುರಿಯುವ ಸದ್ದಿನಿಂದಲೇ ತಿಳಿಯುತ್ತದೆ. ಅದರಲ್ಲೂ ದೊಡ್ಡವ್ವನ ಸದ್ದು ಬೇರೆ. ನನ್ನ ತಾಯಿಯ ಅಕ್ಕ ಅವಳು; ತನ್ನೂರು ಕಾಖಂಡಕಿ ಬಿಟ್ಟು ವಿಜಯಪುರದಲ್ಲಿ ನಮ್ಮೊಂದಿಗಿದ್ದಾಳೆ. ನನಗೆ ಮಾತು ಕಲಿಸಿದವಳೂ ಅವಳೇ, ಆ ಮಾತಿಗೆ ಉತ್ತರವಿಲ್ಲದಂತೆ ಮಾಡುವವಳೂ ಅವಳೇ. ಎಪ್ಪತ್ತೆಂಟರ ಆ ದವಡೆಗೆ ಒಂದು ಚೂರು ರೊಟ್ಟಿ ಸಿಕ್ಕರೆ ಪಡಸಾಲೆಗೆಲ್ಲ ಕೇಳಿಸಬೇಕು. ಒಂದು ದಿನ ಕೇಳಿಸಲಿಲ್ಲ. ಹೋಗಿ ನೋಡಿದರೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವುದನ್ನೇ ಕಾಯುತ್ತ ಕುಳಿತಿದ್ದಳು.

ಹಲ್ಲು ಹುಳುಕಾಗಿತ್ತು. ಮಿತ್ರರೇ, ಆ ಬಾಯಲ್ಲಿ ಮೇಲೆ ಕೆಳಗೆ ಒಂದನ್ನೊಂದು ಮುಟ್ಟುವ ದವಡೆ ಹಲ್ಲಿನ ಜೋಡಿ ಉಳಿದದ್ದು ಒಂದೇ. ಹುಳುಕಾದ ಕೆಳಗಿನದು ಹೋದರೆ ಮೇಲಿನದು ಇದ್ದೂ ಇಲ್ಲದಂತೆ. ಖಡಕ್ ರೊಟ್ಟಿಯ ಋಣ ಅಲ್ಲಿಗೆ ತೀರಿತು.

ಬೇಗ ಸಿಮೆಂಟ್ ತುಂಬಿಸಿಕೊಂಡರೆ ಹಲ್ಲು ಉಳಿಯುತ್ತದೆ ಎಂದೆ. ಅವಳ ಪ್ರಕಾರ ಒಳಗೆ ಹುಳವಿತ್ತು. ಚಿಕ್ಕಂದಿನಲ್ಲಿ ತಿಕೋಟಾದ ಮುದುಕಿಯೊಬ್ಬಳು ಕೆಂಡದ ಮೇಲೆ ಗುಳ್ಳವೆಂಬ ಕಾಡು ಮುಳ್ಳುಬದನೆಯ ಬೀಜ ಸುರಿದು, ಹೊಗೆಯನ್ನು ಬಾಯಿಗೆ ಹಿಡಿಸಿ, ನೀರಿನ ತಾಟಿನಲ್ಲಿ ಬಿದ್ದ ಬಿಳಿ ಎಳೆಗಳನ್ನು ಹುಳವೆಂದು ತೋರಿಸಿದ್ದಳಂತೆ. ಅವು ಬೀಜದೊಳಗಿನ ಮೊಳಕೆಗಳೆಂದು ತಿಳಿಹೇಳಿದೆ. ಗುಳ್ಳದ ಕಾಯಿ ತಂದು ಒಡೆದೇ ತೋರಿಸಿದೆ. ಕೈಗೆ ಮುಳ್ಳು ಚುಚ್ಚಿದ್ದಷ್ಟೇ ಲಾಭ.

“ಹುಳಾ ಒಳಗ ಬಿಟ್ಟು ಬಾಗಿಲಾ ಹಾಕಿದ್ರ ಅದು ಎಲ್ಲಿ ಹೋಗಬೇಕಪಾ?” ಎಂದಳು.

ತನ್ನ ಹಲ್ಲಿಗಿಂತ ಹುಳದ ಮೇಲೆಯೇ ಅವಳಿಗಿದ್ದ ಕಕ್ಕುಲಾತಿ ಕಂಡು ನನ್ನ ತಲೆ ಚಿಟ್ಟುಹಿಡಿಯಿತು. ಎರಡು ತಿಂಗಳು ಹೀಗೆಯೇ ಹೋಯಿತು. ಡಬ್ಬಿಯ ಲವಂಗ ಖಾಲಿಯಾಯಿತು; ಅದೆಲ್ಲ ಅವಳ ಬಾಯಿಗೇ ಹೋಯಿತೆಂದು ನಾನು ಆಣೆ ಮಾಡಿ ಹೇಳಲಾರೆ.

ಕೊನೆಗೆ ಸೀರೆ ಕೊಡಿಸುತ್ತೇನೆಂದು ಸುಳ್ಳು ಹೇಳಿ ಸ್ಟೇಷನ್ ರಸ್ತೆಯ ದಂತವೈದ್ಯೆಯ ಬಳಿಗೆ ಕರೆದೊಯ್ದೆ.

“ಸೀರಿ ಅಂಗಡ್ಯಾಗ ಕುರ್ಚಿ ಹಿಂಗ ಅಂಗಾತ ಮಲಗತಾವೇನೋ?” ಎಂದಳು, ಮಲಗಿಕೊಂಡೇ.

ವೈದ್ಯೆ ನೋಡಿದರು. ಹುಳುಕು ಇನ್ನೂ ನರಕ್ಕೆ ಮುಟ್ಟಿಲ್ಲ, ಇವತ್ತು ತುಂಬಿದರೆ ಹಲ್ಲು ಉಳಿಯುತ್ತದೆ, ತಡಮಾಡಿದರೆ ಕೀಳಬೇಕಾದೀತು ಎಂದರು. ಮೊದಲು ಹುಳ ತೋರಿಸಬೇಕೆಂದು ದೊಡ್ಡವ್ವ ಬಾಯಿ ಮುಚ್ಚಿದಳು.

“ಹುಳಾ ಇಲ್ರಿ ಆಯಿ ಅದರಾಗ.”

“ಇಲ್ಲದ ಹುಳಕ್ಕ ನಾ ಯಾಕ ಬಾಯಿ ತಗೀಲಿ?”

ನಾನು ಮತ್ತೆ ಉಪನ್ಯಾಸಕ್ಕೆ ತೊಡಗಿದೆ. ಕೆನ್ನೆಯ ಮೇಲಿದ್ದ ನನ್ನ ಕೈಯನ್ನು ವೈದ್ಯೆ ಒಮ್ಮೆ ನೋಡಿ, ನಿಮಗೂ ಏನಾದರೂ ನೋವೇ ಎಂದು ಕೇಳಿದರು. ನನ್ನದೇನೂ ಇಲ್ಲ, ಮೊದಲು ಇವಳದಾಗಲಿ ಎಂದೆ. ಅವರು ನನ್ನನ್ನು ಅತ್ತ ಕೂರಿಸಿ, ದೊಡ್ಡವ್ವನ ಕೈಗೆ ಪುಟ್ಟ ಕನ್ನಡಿ ಕೊಟ್ಟರು. ಆ ಕಪ್ಪು ಕುಳಿಯನ್ನು ಅವಳು ಬಹಳ ಹೊತ್ತು ನೋಡಿ, ಇದಕ್ಕೇನು ಮಾಡುತ್ತೀ ಎಂದು ಕೇಳಿದಳು. ಕೊಳೆತದ್ದನ್ನೆಲ್ಲ ಕೆರೆದು, ಗಟ್ಟಿ ಸಿಕ್ಕ ಮೇಲೆ ಒಣಗಿಸಿ, ತುಂಬಿ, ಬಾಯಿ ಮುಚ್ಚುವುದು ಎಂದು ಅವರು ವಿವರಿಸಿದರು.

“ಹಗೇವು ತುಂಬಿದಂಗ ಅನ್ನು.”

ಹಗೇವು ಎಂದರೆ ಜೋಳ ಕಾಪಿಡಲು ನೆಲದೊಳಗೆ ತೋಡಿದ ಕಣಜ. ಹರೆಯದಲ್ಲಿ ದೊಡ್ಡವ್ವ ತಾನೇ ಅದರೊಳಗೆ ಇಳಿದು, ಹಳೆಯ ಮುಗ್ಗಲು ಕಾಳನ್ನು ಕೆರೆದು ತೆಗೆದವಳು.

“ಚಂದಗ ಆರಸವ್ವಾ. ಹಸಿ ಉಳೀತಂದ್ರ ಹುಳಾ ತಾನ ಹುಟ್ಟತೈತಿ,” ಎಂದು ಹೇಳಿ ಬಾಯಿ ತೆರೆದಳು. ನಡುವೆ ಎರಡು ಸಲ ಕೈಯೆತ್ತಿ ತಡೆದದ್ದು ನೋವಿಗಲ್ಲ, ಒಣಗಿತೇ ಎಂದು ಕೇಳುವುದಕ್ಕೆ. ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವಾಗಲಂತೂ, ಬಿಸಿಲಿಗೆ ಹಿಡಿದಂತೆ ಎಂದುಕೊಂಡಿರಬೇಕು, ತೃಪ್ತಿಯಿಂದ ಕಣ್ಣು ಮುಚ್ಚಿದ್ದಳು.

ಎರಡು ತಿಂಗಳು ನಾನು ಗಂಟಲು ಹರಿದುಕೊಂಡದ್ದು ಯಾವ ಪುರುಷಾರ್ಥಕ್ಕೆ! ತಿಳಿವಳಿಕೆಯೂ ಕಾಳಿನ ಹಾಗೆಯೇ ಇರಬೇಕು; ಎದುರಿಗಿರುವವರ ಒಳಗೆ ಅದಕ್ಕೊಂದು ಹಗೇವು ಇದೆಯೇ ಎಂದು ನೋಡದೆ ಸುರಿದರೆ ಅಂಗಳದ ತುಂಬ ಚೆಲ್ಲುತ್ತದೆ. ಚೆಲ್ಲಿದವನಿಗೆ ಸಿಟ್ಟು ಬೇರೆ. ಹುಳವನ್ನಂತೂ ಅವಳು ಬಿಟ್ಟುಕೊಡಲಿಲ್ಲ. ಒಳಗಿದ್ದ ಹುಳವನ್ನು, ಹಸಿ ಉಳಿದರೆ ಮುಂದೆ ಹುಟ್ಟಬಹುದಾದ ಹುಳವನ್ನಾಗಿ ಮಾಡಿಕೊಂಡಳು.

ಮರುದಿನ ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕುಳಿತೆವು. ಕಟ್ ಎಂದು ಸದ್ದಾಯಿತು. ನನ್ನ ಜೀವಕ್ಕೆ ತಂಪೆನಿಸಿತು. ಎರಡನೆಯ ಸದ್ದಿಗೆ ಕಾದೆ, ಬರಲಿಲ್ಲ. ತಲೆಯೆತ್ತಿದರೆ, ದೊಡ್ಡವ್ವ ಅಗಿಯುವುದನ್ನು ನಿಲ್ಲಿಸಿ ನನ್ನ ತಾಟನ್ನೇ ನೋಡುತ್ತಿದ್ದಳು. ಅಲ್ಲಿ ರೊಟ್ಟಿ ಸಾರಿನಲ್ಲಿ ನೆನೆಯುತ್ತಿತ್ತು.

“ನಾಳಿ ನಡಿಯಲೇ,” ಎಂದಳು. “ನಿನಗೂ ಒಂದು ಸೀರಿ ಕೊಡಸ್ತೇನಿ.”