ಒಂಬತ್ತು ಗಂಟೆಯ ಲಿವರ್

ಅಟೆಂಡರ್ ಅಣ್ಣನ ಲಿವರ್ ಕೆಟ್ಟಿದೆ ಎಂದು ಹೊಸ ಯಂತ್ರ ಬಂದ ಮೊದಲ ದಿನವೇ ಹೇಳಿತು. ಅದನ್ನು ಕಿವಿಗೆ ಹಾಕಿಕೊಳ್ಳಲು ನಮಗೆ ಆರು ವಾರ ಹಿಡಿಯಿತು. ನಮ್ಮದು ಅಲ್ಟ್ರಾಸೌಂಡ್ ಸಂಶೋಧನೆಯ ಲ್ಯಾಬು, ಒಳಗಿದ್ದವರೆಲ್ಲ ಓದಿಕೊಂಡವರು. ಅಷ್ಟು ಓದಿರದಿದ್ದರೆ ಬಹುಶಃ ಒಂದೇ ದಿನದಲ್ಲಿ ಅರ್ಥವಾಗುತ್ತಿತ್ತೇನೋ.

ಮೊದಲು ಅಣ್ಣನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆಯುವುದು, ಮಂಚದ ಮೇಲಿನ ಕಾಗದದ ಹಾಸು ಬದಲಿಸುವುದು, ಹೊಟ್ಟೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುವುದು. ತಣ್ಣನೆಯ ಜೆಲ್ ಬಿದ್ದರೆ ಜನ ಬೆಚ್ಚಿ ಹೊಟ್ಟೆ ಬಿಗಿ ಹಿಡಿಯುತ್ತಾರೆ, ಚಿತ್ರ ಕೆಡುತ್ತದೆ. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಅವರೇ ಕಂಡುಕೊಂಡದ್ದು. ಇಷ್ಟೆಲ್ಲ ಆದ ಮೇಲೆ, ಒಂಬತ್ತು ಗಂಟೆಗೆ ಸರಿಯಾಗಿ, ಅಂಗಿ ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟು ಅವರೇ ಆ ಮಂಚದ ಮೇಲೆ ಮಲಗುತ್ತಿದ್ದರು. ಅದಕ್ಕಾಗಿ ದಿನಾ ಹಸಿದ ಹೊಟ್ಟೆಯಲ್ಲೇ ಬರುತ್ತಿದ್ದರು.

ಹದಿನಾರು ವರ್ಷದ ಹಿಂದೆ ಹಳೆಯ ಯಂತ್ರ ಬಂದಾಗ ಲ್ಯಾಬಿನ ಮುಖ್ಯಸ್ಥೆಗೆ, ಅಂದರೆ ನಮ್ಮ ಮೇಡಂಗೆ, ಆರೋಗ್ಯವಂತನೊಬ್ಬ ಬೇಕಾಗಿದ್ದ. ಅಣ್ಣನಿಗೆ ಆಗ ಮೂವತ್ತನಾಲ್ಕು. ಕುಡಿತವಿಲ್ಲ, ಸಿಗರೇಟಿಲ್ಲ, ವೈದ್ಯರ ತಪಾಸಣೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅಂದು ತೆಗೆದ ಅವರ ಲಿವರಿನ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಪ್ರತಿದಿನ ಬೆಳಿಗ್ಗೆ ಅವರನ್ನು ಮಲಗಿಸಿ, ಪರದೆಯ ಮೇಲಿನ ಚಿತ್ರ ಗೋಡೆಯ ಚಿತ್ರಕ್ಕೆ ಹೊಂದುವವರೆಗೆ ಬೆಳಕಿನ ಗುಂಡಿಯನ್ನು ತಿರುಗಿಸುವುದು ನಮ್ಮ ಪದ್ಧತಿ. ಗುಂಡಿ ನಿಂತ ಜಾಗಕ್ಕೆ ಅಣ್ಣ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಆಮೇಲೆ ಹೊರಗಿನವರ ಸರದಿ. ಸಂಶೋಧನೆಗೆಂದು ತಾವಾಗಿ ಬಂದವರ ಲಿವರ್ ಅಣ್ಣನದರಂತೆ ಕಂಡರೆ "ಚೆನ್ನಾಗಿದೆ" ಎಂದು ಕಳಿಸುತ್ತಿದ್ದೆವು, ಅದಕ್ಕಿಂತ ಬೆಳ್ಳಗೆ ಕಂಡರೆ ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದೆವು.

ಅಣ್ಣನಿಗೆ ಇದರ ಬಗ್ಗೆ ಹೆಮ್ಮೆಯಿತ್ತು, ಮುಚ್ಚಿಡುತ್ತಲೂ ಇರಲಿಲ್ಲ. ಅವರ ಹೆಂಡತಿ ಎದುರು ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮಾತಿನಲ್ಲೂ ಇಸ್ತ್ರಿಯ ಬಿಸಿ ಇತ್ತು.

"ಎಲ್ಲರ ಗಂಡಂದಿರೂ ಎದ್ದು ಓಡಾಡಿ ಸಂಬಳ ತರ್ತಾರೆ. ಮಲಗಿಕೊಂಡು ತರೋರು ನೀವೊಬ್ಬರೇ ಕಣ್ರೀ."

"ಮಲಗೋದಕ್ಕೂ ಯೋಗ್ಯತೆ ಬೇಕು ಕಣೇ," ಎನ್ನುತ್ತಿದ್ದರು ಅಣ್ಣ. ಅದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ.

ಹೊಸ ಯಂತ್ರ ಬಂದದ್ದು ಮೂರು ದೊಡ್ಡ ಪೆಟ್ಟಿಗೆಗಳಲ್ಲಿ. ಅದರ ಲೆಕ್ಕಾಚಾರವೇ ಬೇರೆ. ಪಕ್ಕೆಯ ಮೇಲೆ ಹಿಡಿದ ಪ್ರೋಬು ಲಿವರನ್ನು ಮೆಲ್ಲಗೆ ತಟ್ಟುತ್ತದೆ, ಆ ತಟ್ಟಿನ ಅಲೆ ಒಳಗೆ ಎಷ್ಟು ವೇಗವಾಗಿ ಓಡಿತು ಎಂದು ಸಾಫ್ಟ್‌ವೇರು ಅಳೆಯುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆ ಜೋರು, ಅಂಕಿ ದೊಡ್ಡದು. ಐದರ ಆಸುಪಾಸು ಇದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ವೈದ್ಯರ ಬಳಿಗೆ ಓಡಬೇಕು. ಅಣ್ಣ ಮಲಗಿದರು. ಅಂಕಿ ಹನ್ನೊಂದೂವರೆ ಬಂತು.

"ತಪ್ಪು ತೋರಿಸ್ತಿದೆ," ಎಂದರು ಮೇಡಂ.

ಯಂತ್ರ ಜೋಡಿಸಲು ಬಂದಿದ್ದ ಕಂಪನಿಯ ಎಂಜಿನಿಯರ್ ತನ್ನ ಚೀಲದಿಂದ ಪರೀಕ್ಷೆಯ ರಬ್ಬರ್ ದಿಂಡು ತೆಗೆದು ಅಳೆದು ತೋರಿಸಿದ. ಅಂಕಿ ಕರಾರುವಾಕ್ಕಾಗಿತ್ತು. "ರಬ್ಬರು ಮನುಷ್ಯ ಅಲ್ಲಪ್ಪ," ಎಂದು ಮೇಡಂ ಅವನ ಬಾಯಿ ಮುಚ್ಚಿಸಿದರು. ಸಾಫ್ಟ್‌ವೇರು ನೋಡಿಕೊಳ್ಳುವವನು ನಾನು. ಯಂತ್ರವನ್ನು ಅಣ್ಣನಿಗೆ ಹೊಂದಿಸು ಎಂದು ನನಗೆ ಹೇಳಿದರು. ನಾನು ಒಂದೇ ಒಂದು ಸಾಲು ಸೇರಿಸಿದೆ. ಬಂದ ಅಂಕಿಯೆಲ್ಲ ಅರ್ಧಕ್ಕಿಂತ ಕೆಳಗಿಳಿಯುವಂತೆ ಮಾಡುವ ಸಾಲು ಅದು. ಅಣ್ಣ ಮತ್ತೆ ಮಲಗಿದರು. ಐದು ಪಾಯಿಂಟ್ ಎರಡು.

"ಪಾಸಾದ್ನಾ ಸಾರ್?" ಹೊಟ್ಟೆ ಒರೆಸಿಕೊಳ್ಳುತ್ತ ಕೇಳಿದರು.

"ಫಸ್ಟ್ ಕ್ಲಾಸ್ ಅಣ್ಣಾ," ಎಂದೆ. ಈ ಮಾತು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಹೊರಗಿನವರನ್ನು ಹೊಸ ಯಂತ್ರದ ಕೆಳಗೆ ಮಲಗಿಸಲು ಇನ್ನೂ ಅನುಮತಿ ಬಂದಿರಲಿಲ್ಲ. ಆರು ವಾರ ಅಣ್ಣ ಒಬ್ಬರೇ. ದಿನಕ್ಕೆ ಮೂರು ಸಲ ಅಳೆದು ಮೂರು ಸಲವೂ ಸಂತೋಷಪಟ್ಟೆವು. ಆ ದಿನಗಳಲ್ಲಿ ಅವರು ಮೆಟ್ಟಿಲಿನ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. "ಏನಣ್ಣಾ, ಐವತ್ತಕ್ಕೇ ಮುದುಕ ಆಗಿಬಿಟ್ರಾ?" ಎಂದು ರೇಗಿಸಿಯೂ ಇದ್ದೆ.

ಏಳನೆಯ ವಾರ ಅವರಿಗೆ ಕೆಮ್ಮು ಹಿಡಿಯಿತು. ಅಳೆಯುವಾಗ ಉಸಿರು ಬಿಗಿಹಿಡಿಯಬೇಕು, ಅವರಿಂದ ಆಗಲಿಲ್ಲ. ಅದೇ ಹೊತ್ತಿಗೆ ಮನೆಯಲ್ಲಿ ಮರೆತುಬಂದ ಕೆಮ್ಮಿನ ಮಾತ್ರೆ ಕೊಡಲು ಅವರ ಹೆಂಡತಿ ಬಂದರು. "ಇವಳನ್ನೇ ಮಲಗಿಸಿ ಸಾರ್, ಇವತ್ತಾದರೂ ಗೊತ್ತಾಗಲಿ ನನ್ನ ಕಷ್ಟ," ಎಂದರು ಅಣ್ಣ. ಆಕೆ ಅದಕ್ಕೇ ಕಾದಿದ್ದವರಂತೆ ಚಪ್ಪಲಿ ಬಿಟ್ಟು ಮಂಚ ಹತ್ತಿದರು.

ಎರಡು ಪಾಯಿಂಟ್ ಒಂದು.

"ಇಷ್ಟು ಮೆತ್ತಗಿರುತ್ತಾ ಸಾರ್?" ಎಂದರು ಅಣ್ಣ.

"ಇರಲ್ಲ. ಅಕ್ಕ ಉಸಿರು ಬಿಟ್ಟಿರಬೇಕು." ಮತ್ತೆ ಅಳೆದೆ. ಮತ್ತೆ ಅಷ್ಟೇ.

"ಮೆತ್ತಗಿದ್ರೆ ಒಳ್ಳೇದಲ್ವಾ?" ಎಂದು ಆಕೆ ನಕ್ಕರು. ಅಣ್ಣ ನಗಲಿಲ್ಲ.

"ನೀವು ಮಲಗಿ ಸಾರ್."

ಲ್ಯಾಬು ಸೇರಿದ ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಆ ಮಂಚದ ಮೇಲೆ ಮಲಗಿದೆ. ಪ್ರೋಬು ಹಿಡಿದವರು ಅಣ್ಣ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನದು ಎರಡು ಪಾಯಿಂಟ್ ಮೂರು ಬಂತು.

ಅವರು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಹಳೆಯ ಯಂತ್ರದ ಬಟ್ಟೆ ಸರಿಸಿ, ಬೆಳಕಿನ ಗುಂಡಿಯ ಸುತ್ತ ತಾವೇ ಎಳೆದಿದ್ದ ಗೆರೆಗಳನ್ನು ಬೆರಳಿನಿಂದ ಮುಟ್ಟಿದರು. ನಾನೂ ಬಗ್ಗಿ ನೋಡಿದೆ. ವರ್ಷದಿಂದ ವರ್ಷಕ್ಕೆ ಗೆರೆಗಳು ಎಡಕ್ಕೇ, ಬೆಳಕು ತಗ್ಗುವ ಕಡೆಗೇ ಸರಿದಿದ್ದವು. ಒಂದೂ ಬಲಕ್ಕೆ ಬಂದಿರಲಿಲ್ಲ.

"ಮಿಷಿನ್‌ಗೆ ವಯಸ್ಸಾಗ್ತಿದೆ ಅಂದ್ಕೊಂಡಿದ್ದೆ ಸಾರ್," ಎಂದರು. "ಬೆಳ್ಳಗಾಗ್ತಿದ್ದದ್ದು ನನ್ನ ಲಿವರ್. ನೀವು ಸೇರಿಸಿದ ಸಾಲು ತೆಗೀರಿ."

ತೆಗೆದೆ. ಅಕ್ಕನದು ನಾಲ್ಕು ಪಾಯಿಂಟ್ ಏಳು, ನನ್ನದು ಐದು ಪಾಯಿಂಟ್ ಒಂದು. ಅಣ್ಣ ಅಂಗಿ ಬಿಚ್ಚಿದರು, ಮಡಚದೆ ಕುರ್ಚಿಯ ಮೇಲೆ ಎಸೆದರು. ಕೆಮ್ಮಿ ಕೆಮ್ಮಿ ಸುಸ್ತಾಗಿ, ಮೂರನೆಯ ಸಲಕ್ಕೆ ಉಸಿರು ಹಿಡಿದರು. ಹನ್ನೊಂದು ಪಾಯಿಂಟ್ ಆರು.

"ಏನಾಯ್ತು ರೀ?"

"ಏನಿಲ್ಲ ಕಣೇ. ಮಿಷಿನ್ ಸರಿಯಾಗಿದೆ."

"ಸರಿಯಾಗಿದ್ರೆ ಇಬ್ಬರೂ ಯಾಕೆ ಹೀಗೆ ಮುಖ ಮಾಡ್ಕೊಂಡಿದ್ದೀರಿ?"

ಅಣ್ಣನೇ ಎದ್ದು ಕೂತು, ಹೊಟ್ಟೆಯ ಜೆಲ್ ಒರೆಸಿಕೊಂಡು, ಆಕೆಗೆ ಒಂದೊಂದಾಗಿ ಬಿಡಿಸಿ ಹೇಳಿದರು.

ರಕ್ತ ಪರೀಕ್ಷೆಯಲ್ಲಿ ಒಂದು ವೈರಸ್ ಸಿಕ್ಕಿತು. ಸದ್ದಿಲ್ಲದೆ ಎಷ್ಟೋ ವರ್ಷದಿಂದ ಲಿವರನ್ನು ತಿನ್ನುತ್ತ ಕೂತಿತ್ತಂತೆ. ಔಷಧಿಯಿದೆ, ದಿನಾ ತಪ್ಪದೆ ತೆಗೆದುಕೊಳ್ಳಬೇಕು. ಆಗಿರುವ ಹಾನಿ ಎಷ್ಟು ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗದು ಎಂದರು ವೈದ್ಯರು. ಕೆಲವು ವರ್ಷ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎಂದೂ ಸೇರಿಸಿದರು. ದಿನಕ್ಕೊಮ್ಮೆ ಲಿವರ್ ತೋರಿಸಿಕೊಂಡ ಮನುಷ್ಯನಿಗೆ ಹೇಳಿದ ಮಾತದು.

ಹತ್ತು ದಿನದ ರಜೆ ಮುಗಿಸಿ ಬಂದ ಅಣ್ಣ ಬೀಗ ತೆಗೆದರು, ಹಾಸು ಬದಲಿಸಿದರು, ಬಾಟಲಿಯನ್ನು ಬಿಸಿನೀರಿಗೆ ಇಟ್ಟರು. ಒಂಬತ್ತಕ್ಕೆ ನನ್ನ ಮೇಜಿನ ಮುಂದೆ ಬಂದು ನಿಂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಅದು ಬಿಡಿ ಸಾರ್. ಆ ಪಟ್ಟಿ ಎಲ್ಲಿದೆ?"

"ಯಾವ ಪಟ್ಟಿ?"

"ನನ್ನ ಲಿವರ್ ನೋಡ್ಕೊಂಡು, ನಿಮ್ಮದು ಚೆನ್ನಾಗಿದೆ ಅಂತ ಮನೆಗೆ ಕಳಿಸಿದೆವಲ್ಲ, ಅವರದ್ದು."

ನನಗೆ ಅದು ಹೊಳೆದೇ ಇರಲಿಲ್ಲ. ಮೇಡಂಗೆ ಹೊಳೆದಿತ್ತೋ ಇಲ್ಲವೋ, ಅವರು ಹೇಳಿರಲಿಲ್ಲ. ಪ್ರತಿ ಚಿತ್ರದ ಜೊತೆ ಆ ದಿನ ಗುಂಡಿ ಎಲ್ಲಿತ್ತೆಂಬುದೂ ದಾಖಲಾಗಿತ್ತು, ಹಾಗಾಗಿ ಹಳೆಯ ಚಿತ್ರಗಳ ಬೆಳಕನ್ನು ಸರಿಪಡಿಸಿ ನೋಡಲು ಸಾಧ್ಯವಿತ್ತು. ಒಂದು ವಾರ ಕೂತು ಅದಕ್ಕೆ ಪ್ರೋಗ್ರಾಂ ಬರೆದೆ. ಹಾಗೆ ನೋಡಿದಾಗ ಲಿವರ್ ಬೆಳ್ಳಗೆ ಕಂಡವರು ಮೂವತ್ತೊಂದು ಜನ ಸಿಕ್ಕರು.

ಮರುಪರೀಕ್ಷೆಗೆ ಬನ್ನಿ ಎಂದು ಎಲ್ಲರಿಗೂ ಪತ್ರ ಕಳಿಸೋಣ ಎಂದರು ಮೇಡಂ. "ಪತ್ರ ಬಂದ್ರೆ ಜನ ಪಕ್ಕಕ್ಕಿಡ್ತಾರೆ ಮೇಡಂ. ನಾನೇ ಫೋನ್ ಮಾಡ್ತೀನಿ," ಎಂದರು ಅಣ್ಣ. ಮೇಡಂ ತಮ್ಮ ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಬಳಿ ಹೋಗಿ ನಿಂತರು.

ಮೊದಲನೆಯ ನಂಬರು ಒಬ್ಬ ಬಸ್ ಡ್ರೈವರಿನದು.

"ನಮಸ್ಕಾರ, ಲಿವರ್ ಚಿತ್ರ ತೆಗೆದಿದ್ವಲ್ಲ, ಆ ಲ್ಯಾಬಿಂದ ಮಾತಾಡ್ತಿದ್ದೀನಿ. ಐದು ವರ್ಷದ ಕೆಳಗೆ ನಿಮಗೆ ಏನೂ ತೊಂದರೆಯಿಲ್ಲ ಅಂತ ಹೇಳಿದ್ವಿ. ಅದು ತಪ್ಪಿರಬಹುದು... ಇಲ್ಲ ಇಲ್ಲ, ನಾನು ಡಾಕ್ಟರ್ ಅಲ್ಲ. ನಿಮ್ಮನ್ನ ಯಾರ ಜೊತೆ ಹೋಲಿಸಿ ನೋಡಿದ್ರೋ, ಅವನು ನಾನು."

ಆ ಕಡೆಯವರು ಏನೋ ಕೇಳಿದರು. ಅಣ್ಣ ಪೂರ್ತಿ ಕೇಳಿಸಿಕೊಂಡರು.

"ಹೌದು, ನನಗೂ ಇದೆ," ಎಂದರು ಆಮೇಲೆ. "ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ಬಾಗಿಲಲ್ಲೇ ಇರ್ತೀನಿ."